ಗೋ ಭಾಷೆಯ ಚಾನೆಲ್ ಮತ್ತು ಸೆಲೆಕ್ಟ್: ಪೈಥಾನ್‌ನಲ್ಲಿ ನಾವೇ ಕಟ್ಟಿಕೊಳ್ಳುವುದು ಹೇಗೆ?

ಗೋ ಭಾಷೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಪೈಥಾನ್‌ಗೆ ಮರಳಿದವರು ಮೊದಲು ಹುಡುಕುವುದು ಚಾನೆಲ್, ಅಂದರೆ ಒಟ್ಟಿಗೆ ಓಡುವ ಕೆಲಸಗಳು ಒಂದಕ್ಕೊಂದು ಸಂದೇಶ ಕಳಿಸುವ ಕೊಳವೆ, ಎಲ್ಲಿದೆ ಅಂತ. ಆಗ ಪೈಥಾನ್‌ನ ಕ್ಯೂ ಮಾಡ್ಯೂಲ್ ಕಣ್ಣಿಗೆ ಬೀಳುತ್ತದೆ. ಒಂದು ಥ್ರೆಡ್ ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ. ಇದೇ ಚಾನೆಲ್ ಅಲ್ವಾ? ಅಲ್ಲ. ಹತ್ತಿರ ಬರುತ್ತದೆ, ಆದರೆ ಗೋ ಪ್ರೋಗ್ರಾಮ್‌ಗಳು ನೆಚ್ಚಿಕೊಂಡಿರುವ ಗುಣಗಳೇ ಅದರಲ್ಲಿಲ್ಲ.

ಗೋರೂಟೀನ್ (ಗೋದ ಹಗುರವಾದ ಥ್ರೆಡ್), ಚಾನೆಲ್, ಸೆಲೆಕ್ಟ್ (ಹಲವು ಚಾನೆಲ್‌ಗಳ ಮೇಲೆ ಒಟ್ಟಿಗೆ ಕಾಯುವುದು) ಈ ಮೂರನ್ನೂ ಪೈಥಾನ್ ಥ್ರೆಡ್‌ಗಳ ಮೇಲೆ ಕಟ್ಟೋಣ. ಬೇಕಾದ ಸಾಮಾನು ಕಡಿಮೆ. ಥ್ರೆಡಿಂಗ್ ಮಾಡ್ಯೂಲ್‌ನಿಂದ ಥ್ರೆಡ್, ಲಾಕ್, ಇವೆಂಟ್. ಕಲೆಕ್ಷನ್ಸ್ ಮಾಡ್ಯೂಲ್‌ನಿಂದ ಡೆಕ್, ಅಂದರೆ ಎರಡೂ ತುದಿಯಿಂದ ಸೇರಿಸಿ ತೆಗೆಯಬಹುದಾದ ಸಾಲು. ಜೊತೆಗೆ ರ‍್ಯಾಂಡಮ್ ಮಾಡ್ಯೂಲ್. ಹೊರಗಿನ ಲೈಬ್ರರಿ ಒಂದೂ ಬೇಡ. ಕೋಡನ್ನು ಇಲ್ಲಿ ಕನ್ನಡದಲ್ಲೇ ಹಂತಗಳಾಗಿ ಬರೆದಿದ್ದೇನೆ. ಪೈಥಾನ್ ಗೊತ್ತಿದ್ದವರು ಅದನ್ನು ಸಾಲಿಗೆ ಸಾಲು ಇಳಿಸಿಕೊಳ್ಳಬಹುದು.

ಮೊದಲು, ಏನನ್ನು ಕಟ್ಟಬೇಕು ಅಂತ ಗೊತ್ತಿರಲಿ

ಚಾನೆಲ್‌ನ ಹಿಂದಿನ ಯೋಚನೆ ಹಳೆಯದು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಒಂದು ಪ್ರಬಂಧ ಬರೆದರು. ಪ್ರಕ್ರಿಯೆಗಳು ಮೆಮೊರಿ ಹಂಚಿಕೊಳ್ಳುವ ಬದಲು ಒಂದಕ್ಕೊಂದು ಸಂದೇಶ ಕೊಟ್ಟು ಕೆಲಸ ಮಾಡಲಿ ಎಂಬುದು ಅದರ ತಿರುಳು. ರಾಬ್ ಪೈಕ್, ಕೆನ್ ಥಾಂಪ್ಸನ್, ರಾಬರ್ಟ್ ಗ್ರೀಸಮರ್ ಸೇರಿ ರೂಪಿಸಿದ ಗೋ 2009ರಲ್ಲಿ ಹೊರಬಂದಾಗ ಈ ಯೋಚನೆ ಭಾಷೆಯ ಒಳಗೇ ಕೂತಿತ್ತು.

ಗೋ ಚಾನೆಲ್‌ನ ನಿಯಮಗಳು ಕೆಲವೇ. ಆದರೆ ಒಂದನ್ನೂ ಬಿಡುವ ಹಾಗಿಲ್ಲ. ಬಫರ್ (ಓದುವ ತನಕ ಸಂದೇಶ ಇಡುವ ಜಾಗ) ಇಲ್ಲದ ಚಾನೆಲ್‌ಗೆ ಕಳಿಸುವವರು, ಓದುವವರು ಬಂದು ಪಡೆಯುವ ತನಕ ಅಲ್ಲೇ ನಿಲ್ಲಬೇಕು. ಬಫರ್ ಇದ್ದರೆ ಅದು ತುಂಬುವ ತನಕ ನಿಲ್ಲಬೇಕಿಲ್ಲ. ಚಾನೆಲ್ ಮುಚ್ಚಿದ ಮೇಲೆ ಓದಿದರೆ, ಬಫರ್‌ನಲ್ಲಿ ಉಳಿದದ್ದು ಮೊದಲು ಬರುತ್ತದೆ. ಆಮೇಲೆ ಖಾಲಿ ಮೌಲ್ಯ ಬರುತ್ತದೆ, ಜೊತೆಗೆ 'ಇದು ನಿಜವಾದ ಸಂದೇಶ ಅಲ್ಲ' ಅನ್ನುವ ಗುರುತು. ಮುಚ್ಚಿದ ಚಾನೆಲ್‌ಗೆ ಕಳಿಸಿದರೆ ಪ್ಯಾನಿಕ್, ಅಂದರೆ ಪ್ರೋಗ್ರಾಮ್ ಬೀಳಿಸುವ ತಪ್ಪು. ಮತ್ತೊಮ್ಮೆ ಮುಚ್ಚಿದರೂ ಪ್ಯಾನಿಕ್. ನಿಲ್ ಚಾನೆಲ್‌ಗೆ (ಚಾನೆಲ್ ಇನ್ನೂ ಇಡದ ಖಾಲಿ ವೇರಿಯಬಲ್‌ಗೆ) ಕಳಿಸಿದರೂ, ಅದರಿಂದ ಓದಿದರೂ ಕೊನೆಯಿಲ್ಲದೆ ನಿಲ್ಲುತ್ತೀರಿ.

ಇನ್ನು ಸೆಲೆಕ್ಟ್. ಹಲವು ಚಾನೆಲ್‌ಗಳ ಮೇಲೆ ಒಟ್ಟಿಗೆ ಕಾಯುತ್ತದೆ, ಸರಿಯಾಗಿ ಒಂದನ್ನು ಮಾತ್ರ ನಡೆಸುತ್ತದೆ. ಅದರಲ್ಲಿ ಬರೆದ ಕಳಿಸುವ ಅಥವಾ ಓದುವ ಒಂದೊಂದು ಆಯ್ಕೆಗೆ ಕೇಸ್ ಅಂತ ಹೆಸರು. ಒಂದಕ್ಕಿಂತ ಜಾಸ್ತಿ ತಯಾರಿದ್ದರೆ ರ‍್ಯಾಂಡಮ್ ಆಗಿ ಆರಿಸುತ್ತದೆ, ಬರೆದ ಕ್ರಮದಲ್ಲಲ್ಲ. ಡೀಫಾಲ್ಟ್ (ಯಾವುದೂ ತಯಾರಿಲ್ಲದಾಗ ನಡೆಯುವ ಕೇಸ್) ಇದ್ದರೆ ಕಾಯುವುದೇ ಇಲ್ಲ.

ಈಗ ಪೈಥಾನ್‌ನ ಕ್ಯೂ ನೋಡಿ. ಅದಕ್ಕೆ ಗಾತ್ರ ಸೊನ್ನೆ ಅಂತ ಕೊಟ್ಟರೆ ಬಫರ್ ಇಲ್ಲ ಅಂತ ಅಲ್ಲ, ಮಿತಿಯೇ ಇಲ್ಲ ಅಂತ! ಗಾತ್ರ ಒಂದು ಕೊಟ್ಟರೂ ಹಾಕಿದವರು ತಕ್ಷಣ ಮುಂದೆ ಹೋಗುತ್ತಾರೆ, ಯಾರೂ ಓದದಿದ್ದರೂ. ಮುಚ್ಚುವ ಸೌಲಭ್ಯ ಬಂದದ್ದು 2024ರ 3.13 ಆವೃತ್ತಿಯಲ್ಲಿ, ಶಟ್‌ಡೌನ್ ಎಂಬ ಹೆಸರಿನಲ್ಲಿ. ಎರಡು ಕ್ಯೂಗಳ ಮೇಲೆ ಒಟ್ಟಿಗೆ ಕಾಯುವ ದಾರಿ ಮಾತ್ರ ಈಗಲೂ ಇಲ್ಲ.

ಇದಕ್ಕೆ ಜನ ಎರಡು ಉಪಾಯ ಮಾಡುತ್ತಾರೆ. ಒಂದು, ಚಿಕ್ಕ ಟೈಮ್‌ಔಟ್ ಇಟ್ಟು ಒಂದಾದ ಮೇಲೆ ಒಂದು ಕ್ಯೂ ಇಣುಕುವುದು. ಟೈಮ್‌ಔಟ್ ಸಣ್ಣದಾದರೆ ಸಿಪಿಯು ಸುಮ್ನೆ ಸುಡುತ್ತದೆ, ದೊಡ್ಡದಾದರೆ ಸಂದೇಶ ತಡವಾಗುತ್ತದೆ. ಇನ್ನೊಂದು, ಪ್ರತಿ ಕ್ಯೂಗೂ ಒಂದು ಥ್ರೆಡ್ ಇಟ್ಟು ಎಲ್ಲವನ್ನೂ ಮೂರನೆಯ ಕ್ಯೂಗೆ ಸುರಿಯುವುದು. ನೋಡಲು ಚೆನ್ನಾಗಿದೆ. ಆದರೆ ಆ ನಡುವಿನ ಥ್ರೆಡ್ ನೀವು ಆರಿಸುವ ಮೊದಲೇ ಸಂದೇಶವನ್ನು ಎತ್ತಿಕೊಂಡು ಬಿಟ್ಟಿರುತ್ತದೆ. ಸೆಲೆಕ್ಟ್‌ನಲ್ಲಿ ಆರಿಸದ ಚಾನೆಲ್‌ನ ಸಂದೇಶ ಅದರಲ್ಲೇ ಇರಬೇಕು, ಬೇರೆಯವರು ಬಂದು ತೆಗೆದುಕೊಳ್ಳುವಂತಿರಬೇಕು. ಆದ್ದರಿಂದ ಅಡ್ಡದಾರಿ ಬಿಟ್ಟು ನಿಜವಾದ ಚಾನೆಲ್ ಕಟ್ಟುವುದೇ ಸರಿ.

ಹಂತ 1: ಗೋರೂಟೀನ್ ಬದಲಿಗೆ ಒಂದು ಸಣ್ಣ ಫಂಕ್ಷನ್

ಇದು ಸುಲಭ. ಫಂಕ್ಷನ್ ಮತ್ತು ಅದರ ಆರ್ಗ್ಯುಮೆಂಟ್‌ಗಳನ್ನು ಪಡೆದು, ಹೊಸ ಥ್ರೆಡ್ ಮಾಡಿ, ಶುರು ಮಾಡುವ 'ಓಡಿಸು' ಎಂಬ ಫಂಕ್ಷನ್ ಬರೆಯಿರಿ. ಮೂರು ವಿಷಯ ಗಮನದಲ್ಲಿರಲಿ.

ಥ್ರೆಡ್ ಅನ್ನು ಡೀಮನ್ ಮಾಡಿ. ಗೋದಲ್ಲಿ ಮೇನ್ ಮುಗಿದರೆ ಪ್ರೋಗ್ರಾಮ್ ಮುಗಿಯಿತು, ಉಳಿದ ಗೋರೂಟೀನ್‌ಗಳಿಗಾಗಿ ಕಾಯುವುದಿಲ್ಲ. ಪೈಥಾನ್‌ನ ಸಾಮಾನ್ಯ ಥ್ರೆಡ್‌ಗಳು ಹಾಗಲ್ಲ, ಅವು ಮುಗಿಯುವ ತನಕ ಪ್ರೋಗ್ರಾಮ್ ಕಾಯುತ್ತದೆ.

ಎಕ್ಸೆಪ್ಷನ್ ಬಂದಾಗ ಏನಾಗಬೇಕು ಅಂತ ತೀರ್ಮಾನ ಮಾಡಿ. ಗೋದಲ್ಲಿ ಯಾವುದೇ ಗೋರೂಟೀನ್ ಪ್ಯಾನಿಕ್ ಆಗಿ, ಅದನ್ನು ಯಾರೂ ಹಿಡಿಯದಿದ್ದರೆ ಇಡೀ ಪ್ರೋಗ್ರಾಮ್ ಬೀಳುತ್ತದೆ. ಪೈಥಾನ್‌ನಲ್ಲಿ ಆ ಥ್ರೆಡ್ ಒಂದೇ ಸಾಯುತ್ತದೆ. ಪರದೆಯ ಮೇಲೆ ಟ್ರೇಸ್‌ಬ್ಯಾಕ್ ಬರುತ್ತದೆ, ಉಳಿದವರು ಸತ್ತವರ ಸಂದೇಶಕ್ಕಾಗಿ ಕಾಯುತ್ತಾ ಕೂರುತ್ತಾರೆ. ನನ್ನ ಪ್ರಕಾರ ಗೋದ ದಾರಿಯೇ ಒಳ್ಳೆಯದು. ಕೊಟ್ಟ ಫಂಕ್ಷನ್ ಅನ್ನು ಟ್ರೈ ಒಳಗೆ ಸುತ್ತಿ, ತಪ್ಪು ಬಂದರೆ ಟ್ರೇಸ್‌ಬ್ಯಾಕ್ ಮುದ್ರಿಸಿ, ಇಡೀ ಪ್ರೋಗ್ರಾಮ್ ನಿಲ್ಲಿಸಿ. ನಿಲ್ಲಿಸಲು ಸಿಸ್ ಮಾಡ್ಯೂಲ್‌ನ ಎಕ್ಸಿಟ್ ಬಳಸಬೇಡಿ. ಅದು ಥ್ರೆಡ್ ಒಳಗಿದ್ದರೆ ಆ ಥ್ರೆಡ್ ಅನ್ನು ಮಾತ್ರ ಮುಗಿಸುತ್ತದೆ, ಅದೂ ಸದ್ದಿಲ್ಲದೆ. ಓಎಸ್ ಮಾಡ್ಯೂಲ್‌ನಲ್ಲಿ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಎಕ್ಸಿಟ್ ಇದೆ, ಅದು ಬೇಕು.

ಮೂರನೆಯದು, ಲೂಪ್ ಒಳಗೆ ಲ್ಯಾಂಬ್ಡಾ ಬರೆದು ಓಡಿಸಬೇಡಿ. ಪೈಥಾನ್ ಕ್ಲೋಷರ್ ವೇರಿಯಬಲ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಹೊತ್ತಿನ ಮೌಲ್ಯವನ್ನಲ್ಲ. ಹತ್ತು ಥ್ರೆಡ್ ಶುರು ಮಾಡಿದರೆ ಹಲವಕ್ಕೆ ಒಂದೇ ಸಂಖ್ಯೆ ಕಾಣಬಹುದು. ಗೋದಲ್ಲೂ ಇದೇ ಗೋಳು ಇತ್ತು. 2024ರ 1.22 ಆವೃತ್ತಿಯಲ್ಲಿ ಲೂಪ್‌ನ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಅಂತ ಬದಲಾಯಿಸಿದರು. ಪೈಥಾನ್‌ನಲ್ಲಿ ಮೌಲ್ಯವನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟುಬಿಡಿ, ಸಮಸ್ಯೆ ಮುಗಿಯಿತು.

ಒಂದನ್ನು ಮಾತ್ರ ನಕಲು ಮಾಡಲು ಆಗುವುದಿಲ್ಲ. ಗೋರೂಟೀನ್ ಎರಡು ಕಿಲೋಬೈಟ್ ಸ್ಟ್ಯಾಕ್‌ನಿಂದ ಶುರುವಾಗಿ ಬೇಕಾದಷ್ಟು ಬೆಳೆಯುತ್ತದೆ. ಲಕ್ಷ ಗೋರೂಟೀನ್ ಓಡಿಸುವುದು ಅಲ್ಲಿ ದೊಡ್ಡ ವಿಷಯವಲ್ಲ. ಪೈಥಾನ್ ಥ್ರೆಡ್ ಅಂದರೆ ಆಪರೇಟಿಂಗ್ ಸಿಸ್ಟಂನ ಥ್ರೆಡ್. ನೂರುಗಳಲ್ಲಿ ಯೋಚಿಸಿ, ಲಕ್ಷಗಳಲ್ಲಿ ಬೇಡ. ಲಕ್ಷ ಬೇಕೇ ಬೇಕು ಅನ್ನುವವರಿಗೆ ದಾರಿ ಕೊನೆಯಲ್ಲಿದೆ.

ಹಂತ 2: ಒಂದು ಲಾಕ್, ಒಂದು ಚೀಟಿ

ವಿನ್ಯಾಸದ ತಿರುಳು ಇಲ್ಲಿದೆ.

ಮೊದಲ ತೀರ್ಮಾನ: ಎಲ್ಲ ಚಾನೆಲ್‌ಗಳಿಗೂ ಸೇರಿ ಒಂದೇ ಲಾಕ್. ಪ್ರತಿ ಚಾನೆಲ್‌ಗೂ ಬೇರೆ ಲಾಕ್ ಇಡಬೇಕಲ್ವಾ ಅಂತ ಕೇಳಬಹುದು. ಗೋ ಹಾಗೇ ಮಾಡುತ್ತದೆ. ಆದರೆ ಸೆಲೆಕ್ಟ್‌ಗೆ ಹಲವು ಚಾನೆಲ್‌ಗಳನ್ನು ಒಟ್ಟಿಗೆ ನೋಡಬೇಕು. ಹಲವು ಲಾಕ್ ಹಿಡಿಯಲು ಹೋದರೆ ಡೆಡ್‌ಲಾಕ್ (ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಎಲ್ಲರೂ ನಿಂತುಬಿಡುವುದು) ಬಾಗಿಲಲ್ಲೇ ನಿಂತಿರುತ್ತದೆ. ಸಾಮಾನ್ಯ ಸಿಪೈಥಾನ್‌ನಲ್ಲಿ (ಹೆಚ್ಚಿನವರು ಬಳಸುವ ಪೈಥಾನ್) ಜಿಐಎಲ್ ಎಂಬ ಒಳಗಿನ ಲಾಕ್ ಇರುವುದರಿಂದ ಒಂದು ಕ್ಷಣಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಹಾಗಾಗಿ ಒಂದೇ ಲಾಕ್‌ನಿಂದ ನಷ್ಟ ಕಡಿಮೆ, ನೆಮ್ಮದಿ ಜಾಸ್ತಿ. ಮೊದಲು ಸರಿಯಾಗಿ ಓಡಲಿ, ವೇಗದ ಚಿಂತೆ ಆಮೇಲೆ.

ಅಂದಹಾಗೆ, ಜಿಐಎಲ್ ಇದೆ ಅಂತ ಲಾಕ್ ಬೇಡ ಅನ್ನುವ ವಾದ ನಂಬಬೇಡಿ. ಡೆಕ್‌ಗೆ ಒಂದು ವಸ್ತು ಸೇರಿಸುವುದು ಒಂದೇ ಏಟಿಗೆ ಆಗಬಹುದು. 'ಜಾಗ ಇದೆಯಾ ನೋಡು, ಇದ್ದರೆ ಸೇರಿಸು' ಎಂಬ ಎರಡು ಕೆಲಸದ ನಡುವೆ ಇನ್ನೊಂದು ಥ್ರೆಡ್ ನುಗ್ಗಬಹುದು.

ಎರಡನೆಯದು ಚೀಟಿ. ಕಾಯಬೇಕಾದ ಪ್ರತಿ ಥ್ರೆಡ್ ಒಂದು ಚೀಟಿ ಬರೆದು ಚಾನೆಲ್‌ನ ಸಾಲಿನಲ್ಲಿ ಇಡುತ್ತದೆ. ಟೋಕನ್ ತೆಗೆದುಕೊಂಡು ಕೂತ ಹಾಗೆ, ಹೆಸರು ಕೂಗುವ ತನಕ ಎದ್ದು ನೋಡಬೇಕಿಲ್ಲ. ಚೀಟಿಯಲ್ಲಿ ಇರಬೇಕಾದ್ದು ಇಷ್ಟು: ಬಳಕೆಯಾಯಿತೇ ಎಂಬ ಗುರುತು, ಯಾವ ಕೇಸ್ ಗೆದ್ದಿತು, ಬಂದ ಮೌಲ್ಯ, ಅದು ನಿಜವಾದ ಸಂದೇಶವೇ, ಚಾನೆಲ್ ಮುಚ್ಚಿದ ತಪ್ಪೇ, ಮತ್ತು ಎಬ್ಬಿಸಲು ಒಂದು ಇವೆಂಟ್. ಚೀಟಿಗೆ 'ಮುಗಿಸು' ಎಂಬ ಒಂದು ಮೆಥಡ್ ಇರಲಿ. ಅದು ಬಳಕೆಯ ಗುರುತು ಹಾಕಿ, ಫಲಿತಾಂಶ ತುಂಬಿ, ಇವೆಂಟ್ ಸೆಟ್ ಮಾಡುತ್ತದೆ. ಲಾಕ್ ಕೈಯಲ್ಲಿದ್ದಾಗ ಮಾತ್ರ ಇದನ್ನು ಕರೆಯಬೇಕು.

ಸಾಮಾನ್ಯವಾಗಿ ಇಂಥ ಕಡೆ ಕಂಡೀಷನ್ ವೇರಿಯಬಲ್ ಬಳಸುತ್ತಾರೆ. ನಾನು ಇಲ್ಲಿ ಇವೆಂಟ್ ಆರಿಸಿದ್ದಕ್ಕೆ ಕಾರಣವಿದೆ. ಎಲ್ಲರೂ ಒಂದೇ ಕಂಡೀಷನ್ ಮೇಲೆ ಕಾದರೆ, ಯಾರಿಗೆ ಕೆಲಸ ಬಂತು ಅಂತ ತಿಳಿಯಲು ಎಲ್ಲರನ್ನೂ ಎಬ್ಬಿಸಬೇಕಾಗುತ್ತದೆ. ಚೀಟಿಗೊಂದು ಇವೆಂಟ್ ಇದ್ದರೆ ಸರಿಯಾದ ಒಬ್ಬರನ್ನೇ ಎಬ್ಬಿಸಬಹುದು. ಇನ್ನೊಂದು ಲಾಭ: ಕಾಯಲು ಶುರು ಮಾಡುವ ಮೊದಲೇ ಯಾರಾದರೂ ಇವೆಂಟ್ ಸೆಟ್ ಮಾಡಿದ್ದರೆ, ಕಾಯುವ ಕರೆ ತಕ್ಷಣ ಮರಳುತ್ತದೆ. ಎಬ್ಬಿಸುವ ಕರೆ ತಪ್ಪಿಹೋಗುವ ಭಯವಿಲ್ಲ.

ಹಂತ 3: ಕಳಿಸು, ಓದು, ಮುಚ್ಚು

ಚಾನೆಲ್ ಕ್ಲಾಸ್‌ನಲ್ಲಿ ಐದು ವಸ್ತು ಇರುತ್ತವೆ: ಬಫರ್‌ನ ಗಾತ್ರ, ಬಫರ್, ಓದಲು ಕಾಯುವವರ ಸಾಲು, ಕಳಿಸಲು ಕಾಯುವವರ ಸಾಲು, ಮುಚ್ಚಿದೆಯೇ ಎಂಬ ಗುರುತು. ಸಾಲುಗಳು ಎರಡೂ ಡೆಕ್. ಸಾಲಿನ ಪ್ರತಿ ನಮೂದಿನಲ್ಲಿ ಚೀಟಿ, ಕೇಸ್ ಸಂಖ್ಯೆ, ಕಳಿಸುವುದಾದರೆ ಮೌಲ್ಯ ಇರುತ್ತವೆ. ಮೊದಲು ಬಂದವರಿಗೆ ಮೊದಲು ಸಿಗುತ್ತದೆ. ಗೋದ ಒಳಗಿನ ರಚನೆಯೂ ಹೆಚ್ಚುಕಡಿಮೆ ಹೀಗೇ ಇದೆ: ಒಂದು ಸುತ್ತು ಬಫರ್, ಕಳಿಸುವವರ ಮತ್ತು ಓದುವವರ ಎರಡು ಸಾಲು, ಒಂದು ಲಾಕ್.

ಕಾಯದೆ ಕೆಲಸ ಆಗುತ್ತದೆಯೇ ಅಂತ ನೋಡುವ ಎರಡು ಒಳಗಿನ ಮೆಥಡ್ ಮೊದಲು ಬರೆಯಿರಿ. ಲಾಕ್ ಹಿಡಿದವರೇ ಇವನ್ನು ಕರೆಯುತ್ತಾರೆ ಅಂತ ಇಟ್ಟುಕೊಳ್ಳಿ.

    ಕಳಿಸಲು_ನೋಡು(ಮೌಲ್ಯ):
        ಚಾನೆಲ್ ಮುಚ್ಚಿದ್ದರೆ: ತಪ್ಪು ಎಸೆ
        ಓದುವವರ ಸಾಲು ಖಾಲಿಯಾಗುವ ತನಕ:
            ನಮೂದು = ಸಾಲಿನ ಮುಂದಿನದನ್ನು ತೆಗೆ
            ನಮೂದಿನ ಚೀಟಿ ಬಳಕೆಯಾಗಿದ್ದರೆ: ಬಿಟ್ಟು ಮುಂದೆ ಹೋಗು
            ಚೀಟಿ.ಮುಗಿಸು(ನಮೂದಿನ ಕೇಸ್, ಮೌಲ್ಯ, ನಿಜ)
            'ಆಯಿತು' ಎಂದು ಮರಳು
        ಬಫರ್‌ನಲ್ಲಿ ಜಾಗ ಇದ್ದರೆ:
            ಮೌಲ್ಯವನ್ನು ಬಫರ್‌ಗೆ ಸೇರಿಸು
            'ಆಯಿತು' ಎಂದು ಮರಳು
        'ಆಗಲಿಲ್ಲ' ಎಂದು ಮರಳು

    ಓದಲು_ನೋಡು():
        ಬಫರ್‌ನಲ್ಲಿ ಏನಾದರೂ ಇದ್ದರೆ:
            ಮೌಲ್ಯ = ಬಫರ್‌ನ ಮುಂದಿನದನ್ನು ತೆಗೆ
            ಕಳಿಸಲು ಕಾಯುವ ಜೀವಂತ ಚೀಟಿ ಇದ್ದರೆ:
                ಅದರ ಮೌಲ್ಯವನ್ನು ಬಫರ್‌ನ ಕೊನೆಗೆ ಸೇರಿಸು
                ಆ ಚೀಟಿ ಮುಗಿಸು
            (ಮೌಲ್ಯ, ನಿಜ) ಮರಳಿಸು
        ಕಳಿಸಲು ಕಾಯುವ ಜೀವಂತ ಚೀಟಿ ಇದ್ದರೆ:
            ಚೀಟಿ ಮುಗಿಸು
            (ಅದರ ಮೌಲ್ಯ, ನಿಜ) ಮರಳಿಸು
        ಚಾನೆಲ್ ಮುಚ್ಚಿದ್ದರೆ: (ಖಾಲಿ, ಸುಳ್ಳು) ಮರಳಿಸು
        'ಆಗಲಿಲ್ಲ' ಎಂದು ಮರಳು

ಈ ಕೋಡ್‌ನ ಸಾಲುಗಳ ಕ್ರಮವನ್ನು ಅದಲುಬದಲು ಮಾಡಬೇಡಿ. ಓದುವಾಗ ಬಫರ್ ಮೊದಲು, ಕಾಯುತ್ತಿರುವ ಕಳಿಸುವವರು ಆಮೇಲೆ. ತಿರುಗಿಸಿದರೆ ಹೊಸ ಸಂದೇಶ ಹಳೆಯದಕ್ಕಿಂತ ಮುಂಚೆ ಬರುತ್ತದೆ. ಬಫರ್‌ನಿಂದ ಒಂದು ತೆಗೆದ ತಕ್ಷಣ, ಕಾಯುತ್ತಿರುವವರ ಸಂದೇಶವನ್ನು ಒಳಗೆ ಎಳೆದುಕೊಳ್ಳುವ ಸಾಲನ್ನೂ ಮರೆಯಬೇಡಿ. ಅದು ಇಲ್ಲದಿದ್ದರೆ ಬಫರ್‌ನಲ್ಲಿ ಜಾಗ ಇದ್ದರೂ ಕಳಿಸುವ ಥ್ರೆಡ್ ಮಲಗಿಯೇ ಇರುತ್ತದೆ. 'ಮುಚ್ಚಿದೆಯೇ' ಎಂಬ ಪ್ರಶ್ನೆ ಓದುವಾಗ ಕೊನೆಗೆ ಬರುತ್ತದೆ, ಕಳಿಸುವಾಗ ಮೊದಲಿಗೆ. ಉಳಿದ ಸಂದೇಶಗಳು ಮುಚ್ಚಿದ ಮೇಲೂ ಸಿಗಬೇಕು ಎಂಬ ನಿಯಮ ಬರುವುದು ಇದರಿಂದಲೇ.

ಬಫರ್ ಗಾತ್ರ ಸೊನ್ನೆ ಆದರೆ 'ಜಾಗ ಇದ್ದರೆ' ಎಂಬ ಭಾಗ ಎಂದೂ ನಡೆಯುವುದಿಲ್ಲ. ಕಳಿಸುವವರು ಓದುವವರಿಗೆ ನೇರವಾಗಿ ಕೊಡಬೇಕು, ಇಲ್ಲವೇ ಕಾಯಬೇಕು. ಬಫರ್ ಇಲ್ಲದ ಚಾನೆಲ್‌ಗೆ ಬೇರೆ ಕೋಡ್ ಬೇಡ ಅನ್ನುವುದು ಈ ವಿನ್ಯಾಸದಲ್ಲಿ ನನಗೆ ಇಷ್ಟವಾದ ಭಾಗ.

ಹೊರಗಿನ 'ಕಳಿಸು' ಈಗ ಸರಳ. ಲಾಕ್ ಹಿಡಿದು ಪ್ರಯತ್ನ ಮಾಡಿ. ಆಗದಿದ್ದರೆ ಹೊಸ ಚೀಟಿ ಮಾಡಿ, ಮೌಲ್ಯದ ಜೊತೆ ಕಳಿಸುವವರ ಸಾಲಿಗೆ ಸೇರಿಸಿ. ಲಾಕ್ ಬಿಟ್ಟು ಇವೆಂಟ್‌ಗೆ ಕಾಯಿರಿ. ಎದ್ದ ಮೇಲೆ ಚೀಟಿಯಲ್ಲಿ ತಪ್ಪಿನ ಗುರುತು ಇದ್ದರೆ ಎಕ್ಸೆಪ್ಷನ್ ಎಸೆಯಿರಿ. 'ಓದು' ಕೂಡ ಹೀಗೇ. ಲಾಕ್ ಹಿಡಿದುಕೊಂಡೇ ಇವೆಂಟ್‌ಗೆ ಕಾಯಬಾರದು. ಹಾಗೆ ಮಾಡಿದರೆ ಎಬ್ಬಿಸಬೇಕಾದವರು ಒಳಗೇ ಬರಲಾರರು.

'ಮುಚ್ಚು' ಮಾಡುವಾಗ ಓದಲು ಕಾಯುತ್ತಿರುವ ಎಲ್ಲ ಜೀವಂತ ಚೀಟಿಗಳನ್ನು ಖಾಲಿ ಮೌಲ್ಯ ಕೊಟ್ಟು ಮುಗಿಸಿ. ಕಳಿಸಲು ಕಾಯುತ್ತಿರುವವರನ್ನು ತಪ್ಪಿನ ಗುರುತು ಹಾಕಿ ಎಬ್ಬಿಸಿ. ಆಗಲೇ ಮುಚ್ಚಿದ್ದರೆ ಎಕ್ಸೆಪ್ಷನ್. ಇಲ್ಲಿ ಮೃದುವಾಗಿ ನಡೆದುಕೊಳ್ಳೋಣ, ಎರಡನೇ ಸಲ ಮುಚ್ಚಿದರೆ ಸುಮ್ಮನಿರೋಣ ಅಂತ ಅನ್ನಿಸಬಹುದು. ಬೇಡ. ಎರಡು ಕಡೆಯಿಂದ ಮುಚ್ಚುತ್ತಿದ್ದೀರಿ ಅಂದರೆ ಆ ಚಾನೆಲ್‌ನ ಒಡೆಯರು ಯಾರು ಅಂತ ನಿಮಗೇ ಸ್ಪಷ್ಟವಿಲ್ಲ. ಅದು ಬೇಗ ಗೊತ್ತಾದಷ್ಟೂ ಒಳ್ಳೆಯದು.

ಗೋದಲ್ಲಿ ಚಾನೆಲ್ ಮೇಲೆ ರೇಂಜ್ ಲೂಪ್ ಓಡಿಸುವಂತೆ ಇಲ್ಲೂ ಫಾರ್ ಲೂಪ್ ಓಡಬೇಕಾದರೆ, ಚಾನೆಲ್‌ಗೆ ಇಟರೇಟರ್ ಮೆಥಡ್ ಕೊಡಿ. ಓದುತ್ತಾ ಯೀಲ್ಡ್ ಮಾಡಿ, ಗುರುತು ಸುಳ್ಳಾದಾಗ ನಿಲ್ಲಿಸಿ. ಐದು ಸಾಲಿನ ಕೆಲಸ.

ಒಂದು ಎಚ್ಚರಿಕೆ. ಗೋದಲ್ಲಿ ಸ್ಟ್ರಕ್ಟ್ ಕಳಿಸಿದರೆ ಅದರ ಪ್ರತಿ ಹೋಗುತ್ತದೆ. ಪೈಥಾನ್‌ನಲ್ಲಿ ಯಾವುದೂ ಪ್ರತಿಯಾಗುವುದಿಲ್ಲ. ಲಿಸ್ಟ್ ಕಳಿಸಿದ ಮೇಲೆ ಕಳಿಸಿದವರೂ ಪಡೆದವರೂ ಒಂದೇ ಲಿಸ್ಟ್ ಹಿಡಿದಿರುತ್ತಾರೆ. ಕಳಿಸಿದ ವಸ್ತುವನ್ನು ಮತ್ತೆ ಮುಟ್ಟಬಾರದು ಎಂಬ ಶಿಸ್ತು ನಿಮ್ಮದೇ ಆಗಬೇಕು.

ಹಂತ 4: ಸೆಲೆಕ್ಟ್

ಇಲ್ಲಿ ಚೀಟಿ ತನ್ನ ಬೆಲೆ ತೋರಿಸುತ್ತದೆ. ಒಂದೇ ಚೀಟಿಯನ್ನು ಹಲವು ಚಾನೆಲ್‌ಗಳ ಸಾಲಿನಲ್ಲಿ ಇಡುತ್ತೇವೆ. ಯಾರು ಮೊದಲು ಮುಗಿಸುತ್ತಾರೋ ಅವರದ್ದು ಗೆಲುವು. ಉಳಿದ ಚಾನೆಲ್‌ಗಳಿಗೆ ಅದು ಬಳಕೆಯಾದ ಚೀಟಿ, ಹಾಗಾಗಿ ಬಿಟ್ಟು ಮುಂದೆ ಹೋಗುತ್ತಾರೆ. ಮೇಲಿನ ಕೋಡ್‌ನಲ್ಲಿ 'ಚೀಟಿ ಬಳಕೆಯಾಗಿದ್ದರೆ' ಎಂಬ ಸಾಲು ಇದ್ದದ್ದು ಇದಕ್ಕೇ.

    ಸೆಲೆಕ್ಟ್(ಕೇಸ್‌ಗಳು, ಡೀಫಾಲ್ಟ್):
        ಲಾಕ್ ಹಿಡಿದು:
            ನಿಲ್ ಚಾನೆಲ್ ಇರುವ ಕೇಸ್‌ಗಳನ್ನು ಪಕ್ಕಕ್ಕಿಡು
            ಉಳಿದವನ್ನು ರ‍್ಯಾಂಡಮ್ ಆಗಿ ಕಲಸು
            ಪ್ರತಿ ಕೇಸ್‌ಗೆ:
                ಕಳಿಸಲು ಅಥವಾ ಓದಲು ನೋಡು
                ಆದರೆ: ಕೇಸ್ ಸಂಖ್ಯೆ, ಫಲಿತಾಂಶ ಕೊಟ್ಟು ಮರಳು
            ಡೀಫಾಲ್ಟ್ ಇದ್ದರೆ: ಮರಳು
            ಚೀಟಿ = ಹೊಸ ಚೀಟಿ
            ಪ್ರತಿ ಕೇಸ್‌ಗೆ:
                ಆ ಚಾನೆಲ್‌ನ ಸಾಲಿಗೆ (ಚೀಟಿ, ಕೇಸ್ ಸಂಖ್ಯೆ, ಮೌಲ್ಯ) ಸೇರಿಸು
        ಚೀಟಿಯ ಇವೆಂಟ್‌ಗೆ ಕಾಯು
        ಲಾಕ್ ಹಿಡಿದು:
            ಸೋತ ಸಾಲುಗಳಿಂದ ಈ ಚೀಟಿಯ ನಮೂದು ತೆಗೆ
        ತಪ್ಪಿನ ಗುರುತು ಇದ್ದರೆ: ಎಕ್ಸೆಪ್ಷನ್ ಎಸೆ
        ಗೆದ್ದ ಕೇಸ್ ಸಂಖ್ಯೆ, ಫಲಿತಾಂಶ ಕೊಟ್ಟು ಮರಳು

ಕಲಸುವ ಸಾಲು ಅಲಂಕಾರಕ್ಕಲ್ಲ. ಬರೆದ ಕ್ರಮದಲ್ಲೇ ನೋಡುತ್ತಾ ಹೋದರೆ, ಸದಾ ತುಂಬಿರುವ ಮೊದಲ ಚಾನೆಲ್ ಎರಡನೆಯದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಆ ಎರಡನೆಯದು 'ನಿಲ್ಲಿಸು' ಎಂಬ ಚಾನೆಲ್ ಆಗಿದ್ದರೆ ಪ್ರೋಗ್ರಾಮ್ ನಿಲ್ಲುವುದೇ ಇಲ್ಲ. ಗೋ ಕೂಡ ನೋಡುವ ಕ್ರಮವನ್ನು ಪ್ರತಿ ಸಲ ಕಲಸುತ್ತದೆ.

ಕೊನೆಯ ಸ್ವಚ್ಛತೆಯ ಭಾಗ ಇಲ್ಲದಿದ್ದರೂ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಅದಕ್ಕೇ ಅದು ಅಪಾಯ. ಒಂದು ಗದ್ದಲದ ಚಾನೆಲ್, ಒಂದು 'ನಿಲ್ಲಿಸು' ಚಾನೆಲ್, ಎರಡರ ಮೇಲೂ ಲೂಪ್‌ನಲ್ಲಿ ಸೆಲೆಕ್ಟ್ ಓಡುತ್ತಿದೆ ಅಂತ ಇಟ್ಟುಕೊಳ್ಳಿ. ಕಾಯಬೇಕಾಗಿ ಬಂದ ಪ್ರತಿ ಸುತ್ತಿನಲ್ಲೂ 'ನಿಲ್ಲಿಸು' ಚಾನೆಲ್‌ನ ಸಾಲಿಗೆ ಒಂದು ನಮೂದು ಸೇರುತ್ತದೆ. ಅಲ್ಲಿಗೆ ಯಾರೂ ಏನೂ ಕಳಿಸುವುದಿಲ್ಲ, ಆದ್ದರಿಂದ ಸತ್ತ ಚೀಟಿಗಳನ್ನು ಯಾರೂ ಗುಡಿಸುವುದೂ ಇಲ್ಲ. ಪ್ರೋಗ್ರಾಮ್ ದಿನಗಟ್ಟಲೆ ಓಡಿದರೆ ಮೆಮೊರಿ ನಿಧಾನವಾಗಿ ಏರುತ್ತಾ ಹೋಗುತ್ತದೆ. ಕಾರಣ ಹುಡುಕುವುದು ಬಹಳ ಕಷ್ಟ.

ನಿಲ್ ಚಾನೆಲ್ ಅನ್ನು ಪಕ್ಕಕ್ಕಿಡುವುದು ಯಾಕೆ? ಗೋದಲ್ಲಿ ಇದೊಂದು ಚಂದದ ತಂತ್ರ. ಎರಡು ಚಾನೆಲ್‌ಗಳಿಂದ ಓದಿ ಒಂದಕ್ಕೆ ಸೇರಿಸುತ್ತಿರುವಾಗ, ಒಂದು ಮುಚ್ಚಿತು ಅಂದುಕೊಳ್ಳಿ. ಮುಚ್ಚಿದ ಚಾನೆಲ್ ಓದಲು ಸದಾ ತಯಾರು. ಹಾಗಾಗಿ ಸೆಲೆಕ್ಟ್ ಅದನ್ನೇ ಆರಿಸುತ್ತಾ ಗಿರಗಿರ ಸುತ್ತುತ್ತದೆ. ಆ ವೇರಿಯಬಲ್‌ಗೆ ನಿಲ್ ಇಟ್ಟುಬಿಟ್ಟರೆ ಆ ಕೇಸ್ ಆಟದಿಂದ ಹೊರಗೆ. ಪೈಥಾನ್‌ನಲ್ಲಿ ನನ್ (None) ಇಟ್ಟು ಇದೇ ಕೆಲಸ ಮಾಡಿಸಬಹುದು. ಎಲ್ಲ ಕೇಸ್‌ಗಳೂ ನನ್ ಆಗಿ, ಡೀಫಾಲ್ಟ್ ಕೂಡ ಇಲ್ಲದಿದ್ದರೆ ಗೋದಲ್ಲಿ ಶಾಶ್ವತ ನಿದ್ರೆ. ಇಲ್ಲಿ ಎಕ್ಸೆಪ್ಷನ್ ಎಸೆಯುವುದು ಲೇಸು ಅಂತ ನನ್ನ ಅಭಿಪ್ರಾಯ. ನಿಯಮ ಮುರಿದ ಹಾಗಾಗುತ್ತದೆ ನಿಜ, ಆದರೆ ಪೈಥಾನ್‌ನಲ್ಲಿ ಅದನ್ನು ಹಿಡಿದುಕೊಡುವವರು ಬೇರೆ ಯಾರೂ ಇಲ್ಲ.

ಹಂತ 5: ಟೈಮ್‌ಔಟ್, ಮತ್ತು ಒಂದು ಸೂಕ್ಷ್ಮ ಜಾಗ

ಗೋದಲ್ಲಿ ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅನ್ನಲು ಟೈಮ್ ಪ್ಯಾಕೇಜ್‌ನ ಆಫ್ಟರ್ ಕೊಡುವ ಚಾನೆಲ್ ಅನ್ನು ಸೆಲೆಕ್ಟ್‌ಗೆ ಸೇರಿಸುತ್ತಾರೆ. ಅದನ್ನು ಹಾಗೇ ನಕಲು ಮಾಡಬಹುದು. ಗಾತ್ರ ಒಂದರ ಚಾನೆಲ್ ಮಾಡಿ, ಥ್ರೆಡಿಂಗ್‌ನ ಟೈಮರ್‌ನಿಂದ ಅದಕ್ಕೆ ಕಳಿಸಿ. ಗಾತ್ರ ಸೊನ್ನೆ ಮಾಡಬೇಡಿ. ಓದುವವರು ಬೇರೆ ಕೇಸ್ ಗೆದ್ದು ಹೊರಟುಹೋಗಿದ್ದರೆ ಟೈಮರ್ ಥ್ರೆಡ್ ಕಳಿಸುತ್ತಾ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆದರೆ ಪ್ರತಿ ಟೈಮರ್‌ಗೂ ಒಂದು ಥ್ರೆಡ್ ಖರ್ಚಾಗುತ್ತದೆ. ಲೂಪ್ ಒಳಗೆ ಇದು ಭಾರ. ಅದರ ಬದಲು ಸೆಲೆಕ್ಟ್‌ಗೇ ಟೈಮ್‌ಔಟ್ ಆರ್ಗ್ಯುಮೆಂಟ್ ಕೊಟ್ಟು, ಇವೆಂಟ್‌ನ ಕಾಯುವ ಕರೆಗೆ ದಾಟಿಸಿ.

ಈಗ ಸೂಕ್ಷ್ಮ ಜಾಗ. ಸಮಯ ಮುಗಿದು ಕಾಯುವ ಕರೆ 'ಏನೂ ಬರಲಿಲ್ಲ' ಅಂತ ಮರಳಿತು. ನೀವು ಲಾಕ್ ಹಿಡಿಯಲು ಹೋಗುತ್ತಿದ್ದೀರಿ. ಆ ಚಿಕ್ಕ ಸಂದಿಯಲ್ಲಿ ಇನ್ನೊಂದು ಥ್ರೆಡ್ ಬಂದು ನಿಮ್ಮ ಚೀಟಿಗೆ ಸಂದೇಶ ತುಂಬಿ ಹೋಗಿರಬಹುದು. ಕಳಿಸಿದವರ ಲೆಕ್ಕದಲ್ಲಿ ಸಂದೇಶ ತಲುಪಿದೆ. ನೀವು ಟೈಮ್‌ಔಟ್ ಅಂತ ಮರಳಿದರೆ ಅದು ಗಾಳಿಗೆ ಹೋಯಿತು. ಆದ್ದರಿಂದ ಇವೆಂಟ್‌ನ ಮಾತನ್ನು ನಂಬಬೇಡಿ. ಲಾಕ್ ಹಿಡಿದ ಮೇಲೆ ಚೀಟಿಯನ್ನೇ ನೋಡಿ. ಬಳಕೆಯಾಗಿದ್ದರೆ ಸಮಯ ಮೀರಿದ್ದರೂ ಸಂದೇಶವನ್ನು ತೆಗೆದುಕೊಳ್ಳಿ. ಬಳಕೆಯಾಗಿರದಿದ್ದರೆ ನೀವೇ ಬಳಕೆಯ ಗುರುತು ಹಾಕಿ, ಸಾಲುಗಳಿಂದ ತೆಗೆದು, ಆಮೇಲೆ ಟೈಮ್‌ಔಟ್ ಅನ್ನಿ.

ಈ ಒಂದು ಪರಿಶೀಲನೆ ಇಲ್ಲದ ಕೋಡ್ ಸಾವಿರ ಸಲ ಸರಿಯಾಗಿ ಓಡುತ್ತದೆ. ಲೋಡ್ ಜಾಸ್ತಿಯಾದ ದಿನ ಒಂದು ಸಂದೇಶ ಕಾಣೆಯಾಗುತ್ತದೆ, ಲಾಗ್‌ನಲ್ಲಿ ಸುಳಿವೇ ಇರುವುದಿಲ್ಲ.

ಉಳಿದ ಚಿಲ್ಲರೆ ಸಾಮಾನುಗಳು ತಾವಾಗೇ ಬರುತ್ತವೆ. ವೇಟ್‌ಗ್ರೂಪ್ (ಹಲವು ಗೋರೂಟೀನ್ ಮುಗಿಯುವ ತನಕ ಕಾಯುವ ಸಾಧನ) ಬೇಕಾದರೆ ಒಂದು ಎಣಿಕೆ, ಒಂದು ಕಂಡೀಷನ್ ಸಾಕು. ಎಣಿಕೆ ಸೊನ್ನೆಯಾದಾಗ ಎಲ್ಲರನ್ನೂ ಎಬ್ಬಿಸಿ. ರದ್ದು ಮಾಡುವ ಸೌಲಭ್ಯ ಬೇಕಾದರೆ ಒಂದು ಚಾನೆಲ್ ಇಟ್ಟುಕೊಂಡು, ರದ್ದಾದಾಗ ಅದನ್ನು ಮುಚ್ಚಿ. ಎಷ್ಟು ಜನ ಕಾಯುತ್ತಿದ್ದರೂ ಎಲ್ಲರಿಗೂ ಒಟ್ಟಿಗೆ ಸುದ್ದಿ ಮುಟ್ಟುತ್ತದೆ. ಫಂಕ್ಷನ್ ಮುಗಿಯುವಾಗ ನಡೆಯುವ ಗೋದ ಡಿಫರ್ ಬದಲು ವಿತ್ ಅಥವಾ ಫೈನಲಿ.

ಪರೀಕ್ಷೆ ಮಾಡುವಾಗ

ಒಂದು ಸಲ ಓಡಿಸಿ ಸರಿಯಿದೆ ಅನ್ನುವ ವಸ್ತು ಇದಲ್ಲ. ಈ ಕೆಳಗಿನವು ಇರಲೇಬೇಕು.

ಬಫರ್ ಇಲ್ಲದ ಚಾನೆಲ್‌ಗೆ ಕಳಿಸಿ, ಓದುವವರು ಬರುವ ಮೊದಲು ಕಳಿಸುವ ಕರೆ ಮರಳಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಬಫರ್‌ನಲ್ಲಿ ಮೂರು ಸಂದೇಶ ಇಟ್ಟು ಮುಚ್ಚಿ. ಮೂರೂ ಕ್ರಮವಾಗಿ ಬಂದು ಆಮೇಲೆ ಸುಳ್ಳು ಬರಬೇಕು. ಸದಾ ತಯಾರಿರುವ ಎರಡು ಚಾನೆಲ್‌ಗಳ ಮೇಲೆ ಹತ್ತು ಸಾವಿರ ಸಲ ಸೆಲೆಕ್ಟ್ ಓಡಿಸಿ. ಎರಡಕ್ಕೂ ಸುಮಾರು ಅರ್ಧರ್ಧ ಸಿಗಬೇಕು. ಗದ್ದಲದ ಚಾನೆಲ್ ಮತ್ತು ಸುಮ್ಮನಿರುವ ಚಾನೆಲ್ ಮೇಲೆ ಸೆಲೆಕ್ಟ್ ಲೂಪ್ ಓಡಿಸಿದ ಮೇಲೆ, ಸುಮ್ಮನಿರುವುದರ ಸಾಲು ಖಾಲಿ ಇರಬೇಕು. ಹಲವು ಥ್ರೆಡ್‌ಗಳು ಕಳಿಸಿ ಹಲವು ಓದಿ, ಎರಡೂ ಕಡೆಯ ಮೊತ್ತ ಒಂದೇ ಬರಬೇಕು. ಇದನ್ನೇ ಅತಿ ಚಿಕ್ಕ ಟೈಮ್‌ಔಟ್‌ಗಳ ಜೊತೆ ಮತ್ತೆ ಓಡಿಸಿ. ಹಂತ 5ರ ಸಂದಿ ಮುಚ್ಚಿದೆಯೇ ಅಂತ ಆಗ ಗೊತ್ತಾಗುತ್ತದೆ. ಪೈಥಾನ್ ಥ್ರೆಡ್‌ಗಳ ನಡುವೆ ಬದಲಾಗುವ ಅವಧಿ ಸಹಜವಾಗಿ ಐದು ಮಿಲಿಸೆಕೆಂಡ್. ಸಿಸ್ ಮಾಡ್ಯೂಲ್‌ನಿಂದ ಅದನ್ನು ಬಹಳ ಕಡಿಮೆ ಮಾಡಿ ಓಡಿಸಿದರೆ ಅಡಗಿದ ತಪ್ಪುಗಳು ಬೇಗ ಹೊರಬರುತ್ತವೆ.

ಎಲ್ಲ ಗೋರೂಟೀನ್‌ಗಳೂ ಮಲಗಿದರೆ ಗೋ ರನ್‌ಟೈಮ್ ಡೆಡ್‌ಲಾಕ್ ಅಂತ ಕೂಗಿ ಪ್ರೋಗ್ರಾಮ್ ನಿಲ್ಲಿಸುತ್ತದೆ. ಪೈಥಾನ್ ಸುಮ್ಮನೆ ನೇತಾಡುತ್ತದೆ. ಅದಕ್ಕೆ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಇದೆ. ಇಷ್ಟು ಸೆಕೆಂಡ್ ಕಳೆದ ಮೇಲೆ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ ಮುದ್ರಿಸು ಅಂತ ಅದಕ್ಕೆ ಹೇಳಿಟ್ಟರೆ, ಯಾರು ಕೋಡ್‌ನ ಯಾವ ಸಾಲಿನಲ್ಲಿ ಕಾಯುತ್ತಿದ್ದಾರೆ ಅಂತ ಕಾಣುತ್ತದೆ. ಪರೀಕ್ಷೆಗಳ ಶುರುವಿನಲ್ಲೇ ಇದನ್ನು ಹಾಕಿಡಿ.

ಒಂದೇ ಲಾಕ್ ಸಾಲದೆ ಹೋದರೆ

ಜಿಐಎಲ್ ಇಲ್ಲದ ಪೈಥಾನ್ 3.13ರಲ್ಲಿ ಪ್ರಯೋಗವಾಗಿ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಪಡೆಯಿತು. ಅದರಲ್ಲಿ ಥ್ರೆಡ್‌ಗಳು ನಿಜವಾಗಿ ಒಟ್ಟಿಗೆ ಓಡುತ್ತವೆ. ಆಗ ಎಲ್ಲರಿಗೂ ಸೇರಿದ ಒಂದು ಲಾಕ್ ಅಡ್ಡಗಾಲಾಗುತ್ತದೆ.

ಚಾನೆಲ್‌ಗೊಂದು ಲಾಕ್ ಇಡುವಾಗ ಎರಡು ಬದಲಾವಣೆ ಬೇಕು. ಪ್ರತಿ ಚಾನೆಲ್ ಹುಟ್ಟುವಾಗ ಒಂದು ಕ್ರಮಸಂಖ್ಯೆ ಕೊಡಿ, ಸೆಲೆಕ್ಟ್ ತನ್ನ ಚಾನೆಲ್‌ಗಳ ಲಾಕ್‌ಗಳನ್ನು ಆ ಸಂಖ್ಯೆಯ ಏರಿಕೆಯಲ್ಲೇ ಹಿಡಿಯಲಿ. ಒಂದೇ ಚಾನೆಲ್ ಎರಡು ಕೇಸ್‌ಗಳಲ್ಲಿದ್ದರೆ ಅದರ ಲಾಕ್ ಒಂದೇ ಸಲ. ಗೋ ಇದನ್ನೇ ಚಾನೆಲ್‌ಗಳ ಮೆಮೊರಿ ವಿಳಾಸದ ಕ್ರಮದಲ್ಲಿ ಮಾಡುತ್ತದೆ. ಎರಡನೆಯದು, ಚೀಟಿಯ ಬಳಕೆಯ ಗುರುತು ಈಗ ಯಾವ ಒಂದು ಲಾಕ್‌ನ ರಕ್ಷಣೆಯಲ್ಲೂ ಇಲ್ಲ. ಎರಡು ಚಾನೆಲ್‌ಗಳಿಂದ ಇಬ್ಬರು ಒಟ್ಟಿಗೆ ಅದನ್ನು ಗೆಲ್ಲಲು ನೋಡಬಹುದು. ಗುರುತಿನ ಬದಲು ಚೀಟಿಯಲ್ಲೇ ಒಂದು ಲಾಕ್ ಇಡಿ. ಕಾಯದೆ ಅದನ್ನು ಹಿಡಿಯಲು ಪ್ರಯತ್ನಿಸಲಿ, ಮೊದಲು ಹಿಡಿದವರು ಗೆದ್ದರು. ಅದನ್ನು ಮತ್ತೆ ಬಿಡುವುದೇ ಇಲ್ಲ. ಟೈಮ್‌ಔಟ್ ಆದವರೂ ಇದೇ ಲಾಕ್‌ಗೆ ಸ್ಪರ್ಧಿಸುತ್ತಾರೆ. ಸೋತರೆ ಇವೆಂಟ್‌ಗೆ ಇನ್ನೊಮ್ಮೆ ಕಾದು ಸಂದೇಶ ಪಡೆಯಬೇಕು.

ಲಕ್ಷ ಗೋರೂಟೀನ್ ಬೇಕಾದವರಿಗೆ

ಪೈಥಾನ್‌ನ ಅಸಿಂಕ್ಐಓ ಮಾಡ್ಯೂಲ್ ಮೇಲೆ ಇದೇ ವಿನ್ಯಾಸ ಇನ್ನೂ ಚಿಕ್ಕದಾಗುತ್ತದೆ. ಅಲ್ಲಿ ಎಲ್ಲವೂ ಒಂದೇ ಥ್ರೆಡ್, ಅವೇಟ್ ಇದ್ದ ಕಡೆ ಮಾತ್ರ ಕೈ ಬದಲಾಗುತ್ತದೆ. ಆದ್ದರಿಂದ ಲಾಕ್ ಬೇಡವೇ ಬೇಡ. ಚೀಟಿಯ ಇವೆಂಟ್ ಬದಲು ಒಂದು ಫ್ಯೂಚರ್ (ಮುಂದೆ ಬರಲಿರುವ ಫಲಿತಾಂಶಕ್ಕೆ ಕಾಯುವ ವಸ್ತು) ಇಡಿ. ಬೆಲೆ ಏನೆಂದರೆ ಕಾಯುವ ಪ್ರತಿ ಫಂಕ್ಷನ್ ಅಸಿಂಕ್ ಆಗಬೇಕು, ಅದನ್ನು ಕರೆಯುವವರೂ ಆಗಬೇಕು. ಗೋದಲ್ಲಿ ಈ ಭೇದವೇ ಇಲ್ಲ.

ಎರಡು ಬಲೆಗಳಿವೆ. ಇವೆಂಟ್ ಲೂಪ್ ಟಾಸ್ಕ್‌ಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ನೀವು ಒಂದು ಸೆಟ್‌ನಲ್ಲಿ ಇಟ್ಟುಕೊಳ್ಳದಿದ್ದರೆ ಟಾಸ್ಕ್ ನಡುವೆಯೇ ಮಾಯವಾಗಬಹುದು. 3.11ರಿಂದ ಇರುವ ಟಾಸ್ಕ್‌ಗ್ರೂಪ್ ಬಳಸಿದರೆ ಈ ಚಿಂತೆ ಇಲ್ಲ. ಇನ್ನೊಂದು, ಕಾಯುತ್ತಿರುವ ಟಾಸ್ಕ್ ರದ್ದಾಗಬಹುದು. ಅದು ಹಂತ 5ರ ಸಂದಿಯೇ, ಬೇರೆ ವೇಷದಲ್ಲಿ. ರದ್ದಾದ ಎಕ್ಸೆಪ್ಷನ್ ಹ್ಯಾಂಡಲ್ ಮಾಡುವಾಗ ಚೀಟಿ ಆಗಲೇ ಬಳಕೆಯಾಗಿದೆಯೇ ಅಂತ ನೋಡಿ. ಓದುವ ಚೀಟಿಗೆ ಸಂದೇಶ ಬಂದಿದ್ದರೆ ಅದನ್ನು ಮುಂದೆ ಕಾಯುತ್ತಿರುವವರಿಗೆ ಕೊಡಬೇಕು, ಯಾರೂ ಇಲ್ಲದಿದ್ದರೆ ಬಫರ್‌ನ ಮುಂಭಾಗಕ್ಕೆ ಮರಳಿಸಬೇಕು.

ಇಷ್ಟೆಲ್ಲ ಬೇಡ, ಒಂದು ಕಡೆ ಕೆಲಸ ಹುಟ್ಟುತ್ತದೆ, ನಾಲ್ಕು ಥ್ರೆಡ್ ಅದನ್ನು ಮಾಡುತ್ತವೆ ಅನ್ನುವಷ್ಟೇ ಆದರೆ ಪೈಥಾನ್‌ನ ಕ್ಯೂ ಅಥವಾ ಥ್ರೆಡ್‌ಪೂಲ್ ಸಾಕು. ಸೆಲೆಕ್ಟ್ ಬೇಕಾದಾಗ ಮಾತ್ರ ಈ ಶ್ರಮಕ್ಕೆ ಅರ್ಥವಿದೆ. ಜಾವಾದಲ್ಲಿ ಕಟ್ಟುವವರಿಗೆ ಅರ್ಧ ಕೆಲಸ ತಯಾರಿದೆ. ಸಿಂಕ್ರೊನಸ್‌ಕ್ಯೂ ಬಫರ್ ಇಲ್ಲದ ಚಾನೆಲ್‌ನಂತೆಯೇ ನಡೆದುಕೊಳ್ಳುತ್ತದೆ, 2023ರ ಜಾವಾ 21ರಿಂದ ವರ್ಚುವಲ್ ಥ್ರೆಡ್‌ಗಳು ಗೋರೂಟೀನ್‌ನಷ್ಟೇ ಹಗುರ. ಅಲ್ಲೂ ಉಳಿಯುವುದು ಮುಚ್ಚುವುದು ಮತ್ತು ಸೆಲೆಕ್ಟ್. ಎರಡಕ್ಕೂ ಈ ಚೀಟಿಯ ವಿನ್ಯಾಸವನ್ನು ಹಾಗೇ ಎತ್ತಿಕೊಳ್ಳಬಹುದು. ಗುರುತು ಹಾಕಲು ಅಟಾಮಿಕ್ ಬೂಲಿಯನ್ ಸಿಗುವುದರಿಂದ ಲಾಕ್‌ನ ಆ ಉಪಾಯವೂ ಬೇಡ.